ನಂಬರ್ ಏಳು, ಗೋಧಿ ಬಣ್ಣ

ಬೇರಿಕೆ
11 ಜೂನ್ 2025

ಸೌಭಾಗ್ಯವತಿ ಅಲ್ಲದ, ಆಗುವ ಯೋಚನೆಯೂ ಇಲ್ಲದ ಸಹನಾಗೆ,

ಆರು ವರ್ಷದ ಮೇಲೆ ಒಂದು ಮನವಿ ಸಲ್ಲಿಸುತ್ತಿದ್ದೇನೆ. ಮನವಿದಾರಳ ಹೆಸರು ಭಾಗ್ಯಲಕ್ಷ್ಮಿ. ಗಂಡನ ಹೆಸರು ಗಿರಿ (ಬಾಯಲ್ಲಿ ಹೇಳುವುದಿಲ್ಲ, ಬರೆದರೆ ದೋಷವಿಲ್ಲವೆಂದು ನಾನೇ ತೀರ್ಮಾನ ಮಾಡಿದ್ದೇನೆ). ಮಗಳು ಒಂದು, ಅತ್ತೆ ಒಂದು. ಉದ್ಯೋಗ: ಅಂಗನವಾಡಿಯಲ್ಲಿ ಇಪ್ಪತ್ತೆರಡು ಮಕ್ಕಳ ಮೂಗು ಒರೆಸುವುದು. ಹಿಂದಿನ ಉದ್ಯೋಗ: ನೀನು ಬಿಳಿ ಕೋಟು ತೊಟ್ಟು ಮೇಲಿನ ಲ್ಯಾಬಿನಲ್ಲಿ ಕಲಸಿದ್ದನ್ನು ಕೆಳಗೆ ನಿಂತು ಟ್ಯೂಬಿಗೆ ತುಂಬುವುದು. ಮೂಕಂಡಪಲ್ಲಿಯ ಆ ಒಂದೂವರೆ ಆಳಿನ ಕೋಣೆಯಲ್ಲಿ ಮೂರು ವರ್ಷ ನಿನ್ನ ಗೊರಕೆ ಸಹಿಸಿದ ಅನುಭವವೂ ಉಂಟು.

ವಿಷಯಕ್ಕೆ ಬರುತ್ತೇನೆ. ಟ್ಯೂಬು ಸಿಗುತ್ತಿಲ್ಲ.

ತಿಂಗಳ ಮೀಟಿಂಗಿಗೆ ಹೊಸೂರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಒಂದು ತರುತ್ತಿದ್ದೆ. ಹೋದ ವಾರ ಅವನು ಅಂದ: "ಅದು ನಿಂತೋಯ್ತಕ್ಕಾ. ಕಂಪ್ನಿನೋರೇ ಮಾಡಾದು ಬುಟ್ಟವ್ರೆ." ಗೋಳಾಡಿದ ಮೇಲೆ ಗೋಡೌನು ಹುಡುಕಿ ಧೂಳು ಹಿಡಿದ ಒಂದನ್ನು ತಂದುಕೊಟ್ಟ. ಮನೆಯಲ್ಲಿ ಅರ್ಧ ಇದೆ. ಒಟ್ಟು ಒಂದೂವರೆ ಟ್ಯೂಬಿನ ಮೇಲೆ ನನ್ನ ಸಂಸಾರ ನಿಂತಿದೆ.

ನೀನು ಕೊನೆಯ ಸಲ ನೋಡಿದಾಗ ನನ್ನ ತೊನ್ನು ಎಡಗಿವಿಯ ಕೆಳಗೆ ಒಂದು ಕುಗ್ರಾಮದಷ್ಟಿತ್ತು. ಈಗ ಗಲ್ಲದವರೆಗೆ ಬಂದು ತಾಲೂಕಾಗಿದೆ. ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದ ಹಾಗೆ ಕತ್ತಿನ ಮೇಲೆ ಇನ್ನೊಂದು ಜಿಲ್ಲೆ ಹುಟ್ಟಿದೆ. ಇಷ್ಟೆಲ್ಲ ಆಡಳಿತ ನಡೆಯುತ್ತಿರುವುದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಾಗಿಲು ಹಾಕಿಕೊಂಡು ಟ್ಯೂಬಿನ ಕ್ರೀಮನ್ನು ಎಣ್ಣೆಯಲ್ಲಿ ತೆಗೆಯುತ್ತೇನೆ, ಬಾಗಿಲು ತೆಗೆಯುವ ಮುಂಚೆ ಹಚ್ಚಿಕೊಳ್ಳುತ್ತೇನೆ. "ನಿನ್ ಸೊಸೆ ಬಚ್ಚಲಾಗೇ ಕಾಪುರ ಮಾಡ್ತಾಳೆ" ಅಂತ ಪಕ್ಕದ ಮನೆಯವರು ಅತ್ತೆಗೆ ಹೇಳುತ್ತಾರೆ. ಮದುವೆಯಾದ ವರ್ಷ ಗಿರಿ ಏನೂ ಕೇಳದೆ ಬಚ್ಚಲಿಗೆ ಒಂದು ಕನ್ನಡಿ ತಂದು ಹಾಕಿದರು. ಯಾಕೆ ಅಂತ ನಾನೂ ಕೇಳಲಿಲ್ಲ.

ಮದುವೆಯ ದಿನ ನನ್ನ ಕೆನ್ನೆಗೆ ಇದನ್ನು ಹಚ್ಚಿದವಳು ನೀನು. ಹತ್ತನೇ ದಿನ ಫೋನು ಮಾಡಿ "ಈಗಲಾದರೂ ಗಂಡನಿಗೆ ಹೇಳಿಬಿಡು" ಅಂದವಳೂ ನೀನು. "ನಿನಗೆ ಹೊಟ್ಟೆಯುರಿ" ಅಂದವಳು ನಾನು. ಆ ಮಾತನ್ನು ಈ ಮೂಲಕ ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಟ್ಯೂಬು ಸಿಗಲಿ, ಸಿಗದಿರಲಿ. (ಸಿಕ್ಕರೆ ಇನ್ನೂ ಚೆನ್ನಾಗಿ ತೆಗೆದುಕೊಳ್ಳುತ್ತೇನೆ.)

ಫೋನು ಮಾಡಬೇಡ. ನನ್ನ ಫೋನಿನಲ್ಲಿ ಅತ್ತೆ ಸೀರಿಯಲ್ ನೋಡುತ್ತಾರೆ, ಮಗಳು ಬೆಕ್ಕು ನೋಡುತ್ತಾಳೆ, ಟೆಂಪೋದಲ್ಲಿ ಹೂ ಸಾಗಿಸುವ ಗಿರಿ ಗುಲಾಬಿಯ ರೇಟು ನೋಡುತ್ತಾರೆ. ನನಗೆ ಉಳಿದಿರುವುದು ಅಂಚೆ ಇಲಾಖೆ ಒಂದೇ. ಅಂಗನವಾಡಿಯ ವಿಳಾಸಕ್ಕೆ ಬರೆ. ಅಲ್ಲಿ ಓದು ಬರುವವಳು ನಾನೊಬ್ಬಳೇ.

ಇಂತಿ ನಿನ್ನ ಹಳೆಯ ರೂಮ್‌ಮೇಟು,
ಭಾಗ್ಯ


ಮೂಕಂಡಪಲ್ಲಿ
20 ಜೂನ್ 2025

ಭಾಗ್ಯಾ,

ಮನವಿ ಸ್ವೀಕರಿಸಲಾಗಿದೆ. ಗೊರಕೆಯ ಆರೋಪವನ್ನು ತಳ್ಳಿಹಾಕಲಾಗಿದೆ.

ಕಾಗದವನ್ನು ಕ್ಯಾಂಟೀನಿನಲ್ಲಿ ನಿಂತೇ ಓದಿದೆ. ಮೂರು ಸಲ. ಸುತ್ತಿ ಬಳಸಿ ಹೇಳಲು ನಿನ್ನಷ್ಟು ಬರುವುದಿಲ್ಲ, ನೇರವಾಗಿ ಹೇಳುತ್ತೇನೆ. ಆ ಟ್ಯೂಬನ್ನು ನಿಲ್ಲಿಸಬೇಕೆಂದು ಬರೆದುಕೊಟ್ಟವಳು ನಾನೇ.

ಯಾಕೆಂದು ಕೇಳು. ನೀನು ಮೂರು ವರ್ಷ ತುಂಬಿದ್ದು ಬರೀ ಬಣ್ಣ ಅಂದುಕೊಂಡಿದ್ದೀಯ. ಬಣ್ಣ ಅಂದರೆ ಪುಡಿ, ಕಬ್ಬಿಣದ ತುಕ್ಕಿನ ತಂಗಿ, ಊದಿದರೆ ಹಾರಿಹೋಗುತ್ತದೆ. ಅದನ್ನು ಕೆನ್ನೆಗೆ ಹಿಡಿದು ನಿಲ್ಲಿಸುವುದು ಪಾಲಿಮರ್, ಉದ್ದುದ್ದ ದಾರದಂಥ ಅಣುಗಳು. ಕ್ರೀಮು ಆರುತ್ತಿದ್ದ ಹಾಗೆ ಆ ದಾರಗಳು ಒಂದನ್ನೊಂದು ತಬ್ಬಿ ಹೆಣೆದುಕೊಂಡು ಚರ್ಮದ ಮೇಲೆ ತೆಳ್ಳಗೆ ಒಂದು ಪೊರೆಯಾಗುತ್ತವೆ. ಗಂಜಿ ಹಾಕಿದ ಸೀರೆ ಗರಿಗರಿಯಾಗುವುದೂ ಇದೇ ವಿದ್ಯೆಯಿಂದ. ಆದರೆ ಗಂಜಿ ನೀರು ಕಂಡರೆ ಕರಗುತ್ತದೆ. ನಮ್ಮದು ಬೆವರು, ಮಳೆ, ಅಳು ಯಾವುದಕ್ಕೂ ಜಗ್ಗುವುದಿಲ್ಲ. ಎಣ್ಣೆಗೆ ಮಾತ್ರ ಸೋಲುತ್ತದೆ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಉಜ್ಜಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀಯಾ? ಬಚ್ಚಲು, ಚರಂಡಿ, ಆಮೇಲೆ ಕೆರೆ. ಅಲ್ಲಿ ಅದನ್ನು ತಿನ್ನುವ ಹುಳುವಿಲ್ಲ. ಕಚ್ಚಾ ಎಣ್ಣೆಯಿಂದ ಹುಟ್ಟಿದ ಈ ಮಹಾಶಯ ನಿನ್ನ ಮರಿಮೊಮ್ಮಗಳ ಮದುವೆಗೂ ಹಾಜರಿರುತ್ತಾನೆ. ಹೋದ ವರ್ಷ ಒಂದು ದಿನ ನಮ್ಮ ಫ್ಯಾಕ್ಟರಿಯ ಹಿಂದಿನ ಕೊಳೆನೀರಿನ ತೊಟ್ಟಿಯಲ್ಲಿ ಕೆನೆ ಕಟ್ಟಿದ ಹಾಗಿತ್ತು. ಕೋಲು ಹಾಕಿ ಎತ್ತಿದೆ. ಒದ್ದೆ ಸೀರೆಯ ಸೆರಗಿನ ಹಾಗೆ ಉದ್ದಕ್ಕೆ ಎದ್ದು ಬಂತು. ಬಣ್ಣ ನೋಡಿದೆ. ನಂಬರ್ ಏಳು, ಗೋಧಿ ಬಣ್ಣ. ನಿನ್ನದೇ.

ಅವತ್ತೇ ವರದಿ ಬರೆದೆ. ಹೊರದೇಶದ ಕೊಳ್ಳುವವರೂ ಅದನ್ನೇ ಕೇಳುತ್ತಿದ್ದರು, ಹಾಗಾಗಿ ನಮ್ಮ ಲ್ಯಾಬಿನ ಮ್ಯಾನೇಜರ್ ಮುನಿಕೃಷ್ಣ ಸಾರ್ ಅದನ್ನು ತಲೆಯ ಮೇಲಿಟ್ಟುಕೊಂಡು ಮೆರೆಸಿದರು. ಬರೆಯುವಾಗ ನಿನ್ನ ಕೆನ್ನೆ ನೆನಪಾಗಲಿಲ್ಲವೇ ಅಂತ ಕೇಳಬೇಡ. ನೆನಪಾಯಿತು. ಆದರೂ ಬರೆದೆ.

ಆರು ವರ್ಷದ ಹಿಂದೆ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಹೇಳಿಬಿಡು ಕಣೇ. ಅದು ಅಂಟುವ ರೋಗವಲ್ಲ, ಯಾರ ಶಾಪವೂ ಅಲ್ಲ.

ಸಹನಾ


ಬೇರಿಕೆ
3 ಜುಲೈ 2025

ಕೆರೆಗಳ ರಕ್ಷಕಿ ಸಹನಾಗೆ,

ಕೆರೆಗೆ ನನ್ನ ನಮಸ್ಕಾರ ತಿಳಿಸು. ಅದರಲ್ಲಿರುವ ಮೀನುಗಳಿಗೂ. ನಿನ್ನ ಕಣ್ಣಿಗೆ ಬೀಳಲು ಮೀನಾಗಿ ಹುಟ್ಟಬೇಕಿತ್ತು, ನಾನು ತಪ್ಪಿ ಅಂಗನವಾಡಿ ಟೀಚರಾದೆ.

ಹೇಳಿಬಿಡು ಅನ್ನುತ್ತೀಯ. ನಾಟ್ರಾಂಪಾಳ್ಯದ ನಮ್ಮ ಚಿಕ್ಕಮ್ಮ ಪಿಳ್ಳಮ್ಮನನ್ನು ನೀನು ನೋಡಿದ್ದೀಯ, ನಮ್ಮ ಕೋಣೆಗೆ ಬಂದಾಗ ಹುಣಸೆಹಣ್ಣು ತರುತ್ತಿದ್ದಳಲ್ಲ, ಯಾವಾಗಲೂ ಕಾಲು ಮುಚ್ಚಿಕೊಂಡು ಕೂರುತ್ತಿದ್ದವಳು. ಅವಳ ಪಾದದ ಮೇಲೆ ಹುಣಸೆಬೀಜದಷ್ಟು ಬಿಳುಪು ಕಂಡಾಗ ಅವಳೂ ಹೇಳಿಬಿಟ್ಟಳು. ಗಂಡನ ಮನೆಯವರು ಒಂದು ಟ್ರಂಕಿನ ಜೊತೆ ಬಸ್ಸಿನಲ್ಲಿ ತಂದು ಅಪ್ಪನ ಮನೆಯ ಮುಂದೆ ಇಳಿಸಿ ಹೋದರು. ಎರಡು ವರ್ಷದ ಮಗನನ್ನು ಇಟ್ಟುಕೊಂಡರು. ಅವನು ಈಗ ಅಂಚೆಟ್ಟಿಯಲ್ಲಿ ಆಟೋ ಓಡಿಸುತ್ತಾನೆ. ಚಿಕ್ಕಮ್ಮ ಒಂದು ಸಲ ಅದರಲ್ಲಿ ಕೂತು ಬಂದಳು. ಬಾಡಿಗೆ ಕೊಟ್ಟು ಇಳಿದಳು.

ನನ್ನ ಶಶಿಗೆ ಐದು ವರ್ಷ. ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದಾಳೆ.

ಇನ್ನು ಒಂದು ಟ್ಯೂಬು ಉಳಿದಿದೆ. ನಿನ್ನ ವರದಿಯಲ್ಲಿ ಅದನ್ನೂ ಸೇರಿಸಿಕೋ.

ಭಾಗ್ಯಲಕ್ಷ್ಮಿ


ಮೂಕಂಡಪಲ್ಲಿ
26 ಜುಲೈ 2025

ಭಾಗ್ಯಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಮಾತಿನಲ್ಲಿ ಕ್ಷಮೆ ಕೇಳಲು ಬರದವರು ಕೈಯಲ್ಲಿ ಏನಾದರೂ ಕಲಸುತ್ತಾರೆ. ಇದರ ಜೊತೆ ಮೂರು ಡಬ್ಬಿ ಇವೆ. ಬಣ್ಣ ನಂಬರ್ ಏಳೇ. ಪೊರೆ ಮಾತ್ರ ಹೊಸದು, ಹುಣಸೆಬೀಜದ್ದು.

ನಗಬೇಡ. ಕುರುಬರು ಕಂಬಳಿಗೆ ಹುಣಸೆಬೀಜ ಅರೆದು ಕಾಯಿಸಿದ ಸರಿ ಹಚ್ಚಿ ಬಿಗಿ ಮಾಡುತ್ತಾರಲ್ಲ, ಅದೇ ಸರಿ ಕೋಟು ಹಾಕಿಕೊಂಡು ನಮ್ಮ ಲ್ಯಾಬಿಗೆ ಬಂದಿದೆ ಅಂದುಕೋ. ಬೀಜದ ಮೂಟೆಗಳು ನಿಮ್ಮ ಅಂಚೆಟ್ಟಿ ಕಾಡಿನ ಕಡೆಯಿಂದಲೇ ಬರುತ್ತವೆ, ನಿಮ್ಮ ಚಿಕ್ಕಮ್ಮ ಜಜ್ಜಿ ತೆಗೆದ ಬೀಜವೂ ಇದರಲ್ಲಿ ಇರಬಹುದು. ಇದು ಕೆರೆಗೆ ಬಿದ್ದರೆ ಕ್ರಿಮಿಗಳು ಎಲೆ ಹಾಕಿಕೊಂಡು ಊಟಕ್ಕೆ ಕೂರುತ್ತವೆ, ಸ್ವಲ್ಪ ದಿನದಲ್ಲಿ ಗುರುತೂ ಇರುವುದಿಲ್ಲ.

ಇದರ ಕಷ್ಟ ಏನೆಂದರೆ, ಕೆರೆಯಲ್ಲಿ ಕರಗಬೇಕು, ಕೆನ್ನೆಯ ಮೇಲೆ ಕರಗಬಾರದು. ಬೆವರೂ ನೀರೇ. ಎರಡೂ ಬೇಕು ಅಂದರೆ ಯಾವ ಬೀಜ ಒಪ್ಪುತ್ತದೆ? ಎಂಟು ತಿಂಗಳಿಂದ ಒಪ್ಪಿಸಲು ನೋಡುತ್ತಿದ್ದೇನೆ. ನನ್ನ ಎರಡೂ ಮೊಣಕೈಯಿಂದ ಕೆಳಗೆ ಹದಿನಾಲ್ಕು ಪಟ್ಟೆ ಹಚ್ಚಿಕೊಂಡು ಬಸ್ಸು ಹತ್ತುತ್ತೇನೆ. ಮೊನ್ನೆ ಒಬ್ಬ ಅಜ್ಜಿ "ಏನಮ್ಮ ಇದು, ಮೈಯೆಲ್ಲ ಬರೆ ಹಾಕವ್ರೆ, ಯಾರಮ್ಮ ಆ ಪಾಪಿ?" ಅಂತ ಅತ್ತು ಸೀಟು ಬಿಟ್ಟುಕೊಟ್ಟಳು. ಕೂತುಕೊಂಡು ಬಂದೆ. ವಿಜ್ಞಾನದಿಂದ ಇಷ್ಟಾದರೂ ಉಪಯೋಗವಾಯಿತು.

ಇದು ಹದಿನಾಲ್ಕನೇ ಪಟ್ಟೆ. ಉಳಿದವುಗಳಿಗಿಂತ ಹೆಚ್ಚು ಹೊತ್ತು ನಿಂತಿದೆ. ಹಚ್ಚಿಕೊಂಡು ಏನಾಯಿತೋ ಬರೆ. ಸುಳ್ಳು ಹೊಗಳಬೇಡ.

ಸಹನಾ


ಬೇರಿಕೆ
19 ಆಗಸ್ಟ್ 2025

ಪರೀಕ್ಷಾ ವರದಿ

ಮಾದರಿ: ಪಟ್ಟೆ ಹದಿನಾಲ್ಕು. ಪರೀಕ್ಷೆಯ ಸ್ಥಳ: ಟೀಚರಮ್ಮನ ಎಡಗೆನ್ನೆ.

ಮೊದಲನೆಯ ದಿನ ಮನೆಯಲ್ಲಿ ನೆರಳಿನಲ್ಲಿ ಹಚ್ಚಿ ನೋಡಲಾಯಿತು. ಚರ್ಮ ಬಿಗಿಯಲಿಲ್ಲ, ತುರಿಸಲಿಲ್ಲ, ಹಳೆಯದಕ್ಕಿಂತ ಹಗುರ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಲಾಯಿತು. ಆಶ್ಚರ್ಯ, ಜಗ್ಗಲೇ ಇಲ್ಲ! ಬಿಂದಿಗೆ ನೀರು ಸುರಿಯಲಾಯಿತು. ಹೋಯಿತು. ಅಂದರೆ ನೀನು ಹಳೆಯದನ್ನು ಅಂಗಿ ತಿರುಗಿಸಿ ಹಾಕಿದ ಹಾಗೆ ತಿರುಗಿಸಿಟ್ಟಿದ್ದೀಯ. ಅದಕ್ಕೆ ಎಣ್ಣೆ ಶತ್ರು, ಇದಕ್ಕೆ ನೀರು.

ಎರಡನೆಯ ಪರೀಕ್ಷೆ ಆಗಸ್ಟ್ ಹದಿನೈದು. ಟ್ಯೂಬು ಉಳಿಸೋಣ ಅಂತ ಇದನ್ನೇ ಹಚ್ಚಿಕೊಂಡು ಹೋದೆ. ಧ್ವಜಾರೋಹಣಕ್ಕೆ ಬರಬೇಕಾದವರು ಒಂದು ಗಂಟೆ ತಡವಾಗಿ ಬಂದರು. ಬಿಸಿಲಿನಲ್ಲಿ ಮಕ್ಕಳ ಸಾಲು ಹಿಡಿದು ನಿಂತಿದ್ದೆ. ಕತ್ತಿನಿಂದ ಕೆಳಗೆ ಏನೋ ಹರಿದ ಹಾಗಾಯಿತು. ಮುಟ್ಟಿದೆ. ಬೆರಳಿಗೆ ಗೋಧಿ ಬಣ್ಣ. ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು "ಹಲ್ಲು ನೋವು" ಅಂದೆ. ರಾಷ್ಟ್ರಗೀತೆಯನ್ನು ಹಲ್ಲುನೋವಿನಲ್ಲೇ ಹಾಡಿದೆ. ಅಡುಗೆ ಸಹಾಯಕಿ ಮಂಗಮ್ಮ ಲವಂಗ ತಂದು ಬಾಯಿಗೆ ತುರುಕಿದಳು. "ಇಂಗೆ ಅದುಮ್ಕೊಳಿ ಮಿಸ್, ಕಣ್ಣಾಗೆ ನೀರ್ ಬಂದ್ಬುಟ್ಟೈತೆ" ಅಂತ ನನಗಿಂತ ಅವಳೇ ನರಳಿದಳು. ಮನೆಗೆ ಬರುವವರೆಗೆ ಸೆರಗು ಬಿಡಲಿಲ್ಲ. ಅತ್ತೆ ಹಲ್ಲಿಗೆ ಉಪ್ಪಿನ ಶಾಖ ಕೊಟ್ಟರು, ಬಲಗೆನ್ನೆಗೆ. ನೋವು ಯಾವ ಕಡೆ ಅಂತ ಅವರು ಕೇಳುವಷ್ಟರಲ್ಲಿ ನಾನು ಪಕ್ಕ ಬದಲಾಯಿಸಿದ್ದೆ.

ತೀರ್ಮಾನ: ಕೆರೆ ಪಾಸು, ಕೆನ್ನೆ ಫೇಲು.

ಟ್ಯೂಬು ಈಗ ಬಾಲದಿಂದ ಸುರುಳಿ ಸುತ್ತಿ ಒತ್ತುವ ಹಂತಕ್ಕೆ ಬಂದಿದೆ. ಕತ್ತರಿಯಿಂದ ಹೊಟ್ಟೆ ಸೀಳಿ ಒಳಗಿನದನ್ನು ಬೆರಳಿನಲ್ಲಿ ಬಳಿದುಕೊಳ್ಳುವುದು ಮುಂದಿನ ಹಂತ. ಮುಖದಲ್ಲಿ ನಗು ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಅದು ಎಷ್ಟು ಹೊತ್ತು ನಿಲ್ಲುತ್ತದೋ ಪರೀಕ್ಷೆ ಮಾಡಿಲ್ಲ.

ಶಶಿ ಶಾಲೆಯಲ್ಲಿ ಬಿದ್ದಿದ್ದಳು. ಮಂಡಿ ತರಚಿತ್ತು. ಗಾಯ ವಾಸಿಯಾದ ಮೇಲೆ ಅಲ್ಲಿ ಸ್ವಲ್ಪ ಬೆಳ್ಳಗಾಗಿದೆ. ತರಚಿದ ಕಡೆ ಹಾಗಾಗುತ್ತದೆ, ಅಲ್ಲವಾ?

ಭಾಗ್ಯ


ಮೂಕಂಡಪಲ್ಲಿ
1 ಸೆಪ್ಟೆಂಬರ್ 2025

ಭಾಗ್ಯಾ,

ಇದರ ಜೊತೆ ಹನ್ನೊಂದು ಟ್ಯೂಬು ಇವೆ. ಹಳೆಯದು. ಎಲ್ಲಿಂದ ಅಂತ ಕೇಳಬೇಡ ಅನ್ನಬೇಕು, ಆದರೆ ನೀನು ಆ ಲೈನಿನಲ್ಲಿ ನಿಂತವಳು, ಪೆಟ್ಟಿಗೆಯ ಮೇಲಿನ ಕೆಂಪು ಚೀಟಿ ನೋಡಿದರೆ ತಿಳಿಯುತ್ತದೆ. ಪ್ರತಿ ಬ್ಯಾಚಿನಿಂದಲೂ ಕೆಲವನ್ನು ತೆಗೆದು ಬೀಗ ಹಾಕಿದ ಕೋಣೆಯಲ್ಲಿ ಇಡುತ್ತೇವಲ್ಲ, ನಾಳೆ ಯಾರಾದರೂ ದೂರು ಕೊಟ್ಟರೆ ತೆಗೆದು ಪರೀಕ್ಷೆ ಮಾಡಲು. ಆ ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಅದು ನನ್ನ ಕೈಯಲ್ಲಿರುವುದೇ ಕಂಪನಿ ನನ್ನ ಮೇಲಿಟ್ಟ ನಂಬಿಕೆ.

ಹದಿನಾಲ್ಕನೇ ಪಟ್ಟೆ ನಿನ್ನನ್ನು ಧ್ವಜದ ಕೆಳಗೆ ಕೈಬಿಟ್ಟಿತು ಅಂತ ಓದಿದ ಮೇಲೆ ಎರಡು ದಿನ ಲ್ಯಾಬಿನಲ್ಲಿ ಏನೂ ಕಲಸಲಿಲ್ಲ.

ಮಂಡಿಯ ಬಗ್ಗೆ. ತರಚಿದ ಕಡೆ ಹಾಗಾಗುವುದುಂಟು. ಅಂಚು ಹೇಗಿದೆ ನೋಡು, ಗೆರೆ ಎಳೆದ ಹಾಗಿದೆಯೋ, ಮಸುಕಾಗಿದೆಯೋ? ಇನ್ನೊಂದು ಮಂಡಿಯನ್ನೂ ನೋಡು. ಡಾಕ್ಟರಿಗೆ ತೋರಿಸು. ಬೇಗ ತೋರಿಸಿದರೆ ಮಕ್ಕಳಲ್ಲಿ ಬಣ್ಣ ಮರಳುವುದುಂಟಂತೆ.

ಸಹನಾ


ಬೇರಿಕೆ
7 ಅಕ್ಟೋಬರ್ 2025

ಸಹನಾ,

ಇನ್ನೊಂದು ಮಂಡಿಯಲ್ಲೂ ಇದೆ.

ಟ್ಯೂಬುಗಳು ಬಂದವು. ಅಂಗನವಾಡಿಯ ಬೀರುವಿನಲ್ಲಿ ಮಕ್ಕಳಿಗೆ ಕೊಡುವ ಪೌಷ್ಟಿಕ ಸತ್ತುಹಿಟ್ಟಿನ ಪ್ಯಾಕೆಟ್ಟಿನ ಹಿಂದೆ ಇಟ್ಟಿದ್ದೇನೆ. ನಿನಗೆ ಥ್ಯಾಂಕ್ಸ್ ಹೇಳಿ ಒಂದು ದೊಡ್ಡ ಹಾಸ್ಯದ ಕಾಗದ ಬರೆಯಬೇಕೆಂದಿದ್ದೆ.

ಹೋದ ತಿಂಗಳು ಕೃಷ್ಣಗಿರಿಯ ಆಸ್ಪತ್ರೆಗೆ ನಾಲ್ವರೂ ಹೋದೆವು. ಡಾಕ್ಟರಮ್ಮ ಒಳ್ಳೆಯವರು. ತಮಿಳಿನಲ್ಲಿ ವೆಣ್‌ಪುಳ್ಳಿ ಅಂದರು, ಬಿಳಿ ಚುಕ್ಕೆ ಅಂತ. ಯಾರಿಗೂ ಅಂಟುವುದಿಲ್ಲ, ಮುಲಾಮು ಕೊಡುತ್ತೇನೆ, ಆರು ತಿಂಗಳು ನೋಡೋಣ ಅಂದರು. ಆಮೇಲೆ ಕೇಳಿದರು, ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ.

"ನಮ್ ವಂಸದಾಗೆ ಏಳ್ ತಲೆಯಿಂದ ಯಾರ್ಗೂ ಇಲ್ಲ ಕಣ್ ತಾಯಿ" ಅಂದರು ನಮ್ಮ ಅತ್ತೆ ಆದಿಲಕ್ಷ್ಮಮ್ಮನವರು, ಕೋರ್ಟಿನಲ್ಲಿ ಹೇಳುವ ಹಾಗೆ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಿಮ್ಮ ಕಡೆ?" ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವರು ನನ್ನ ಎಡಗೆನ್ನೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಚೀಟಿ ಬರೆದರು.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಅತ್ತೆ ವಿಚಾರಣೆ ಶುರು ಮಾಡಿದರು. "ಇದು ನಾಗರ ದೋಸವೇ. ಯಾರಾನ ಹಾವ್ ಹೊಡ್ದಿದ್ರಾ ಏನು?" ಗಿರಿ ಕಿಟಕಿ ನೋಡುತ್ತಾ ಕೂತಿದ್ದರು. ಬಾಗಲೂರು ದಾಟಿದ ಮೇಲೆ ಅಂದರು: "ನಾನೇ ಕಣಮ್ಮ. ಸಿವ್ರಾತ್ರಿ ಮುಂದೆ, ಇದೇ ರೋಡಾಗೆ. ಟೆಂಪೋ ಕೆಳೀಕ್ ಬಂದ್ಬುಡ್ತು. ಬ್ರೇಕ್ ಹಾಕ್ದೆ, ನಿಲ್ಲಲಿಲ್ಲ. ಇಳ್ದು ನೋಡ್ದೆ. ನಾಗರಾವೇ."

ಅವತ್ತಿನಿಂದ ಅವರು ಮಗಳನ್ನು ಎತ್ತಿಕೊಂಡಿಲ್ಲ. "ನನ್ ಕೈ ಸೋಕಿದ್ರೆ ಇನ್ನೂ ಜಾಸ್ತಿ ಆಯ್ತದೆ" ಅನ್ನುತ್ತಾರೆ. ಮಂಗಳವಾರ ಮಂಗಳವಾರ ಬರಿಗಾಲಲ್ಲಿ ಹುತ್ತಕ್ಕೆ ಹೋಗಿ ಹಾಲೆರೆದು ಬರುತ್ತಾರೆ, ಒಂದು ಹೊತ್ತು ಊಟ. ಶಶಿ "ಅಪ್ಪ, ಕೂಸುಮರಿ" ಅಂತ ಬೆನ್ನಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತಾರೆ. ಅವಳು ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ನಾನು ಅನ್ನ ಬಡಿಸುತ್ತೇನೆ, ಹಾಲಿನ ಚೊಂಬು ತೊಳೆದು ಕೊಡುತ್ತೇನೆ. ನನ್ನ ಕೆನ್ನೆಯಿಂದ ಬಂದದ್ದನ್ನು ಒಂದು ಸತ್ತ ಹಾವಿನ ತಲೆಗೆ ಕಟ್ಟಿ, ಅದರ ಪೂಜೆಗೆ ಚೊಂಬು ತೊಳೆಯುತ್ತಿದ್ದೇನೆ.

ಶಾಲೆಯಲ್ಲಿ ಮಕ್ಕಳು ಮಂಡಿ ನೋಡಿ ಏನೋ ಅಂದರಂತೆ. ಸೋಮವಾರ ಅವಳ ಮಂಡಿಗೂ ಹಚ್ಚಿದೆ. ನಂಬರ್ ಏಳು ಅವಳಿಗೂ ಸರಿಹೋಗುತ್ತದೆ, ನನ್ನದೇ ಬಣ್ಣ ಅಲ್ಲವಾ. ಹಚ್ಚುವುದನ್ನು ಅವಳು ಬಹಳ ಆಸಕ್ತಿಯಿಂದ ನೋಡಿದಳು. "ಯಾರ್ಗೂ ಹೇಳ್ಬಾರ್ದಾಮ್ಮ?" ಅಂದಳು. ನಾನು ಹೂಂ ಅಂದೆ.

ಭಾಗ್ಯ


ಮೂಕಂಡಪಲ್ಲಿ
14 ಅಕ್ಟೋಬರ್ 2025

ಭಾಗ್ಯಾ,

ನಿನ್ನ ಕಾಗದ ಬಂದ ದಿನವೇ ಬೀಗದ ಕೋಣೆಯ ತಪಾಸಣೆ ನಡೆಯಿತು. ಹನ್ನೊಂದು ಕಡಿಮೆ. ಮುನಿಕೃಷ್ಣ ಸಾರ್ ಬಾಗಿಲು ಹಾಕಿಕೊಂಡು ಕೇಳಿದರು: "ಈ ಸರಕು ಲೋಕಕ್ಕೇ ಬೇಡ ಅಂತ ಬರೆದವಳು ನೀನು. ಈಗ ನೀನೇ ಕದ್ದಿದ್ದೀಯಲ್ಲಮ್ಮ. ನಿನ್ನನ್ನ ಯಾವ ಕಡೆ ಇಟ್ಕೊಂಡು ನೋಟಿಸ್ ಬರೀಲಿ?" ನನಗೂ ಅದೇ ಸಂಶಯ. ಯಾರಿಗೆ ಕೊಟ್ಟೆ ಎಂಬುದನ್ನು ಹೇಳಲಿಲ್ಲ. ಕೆಲಸ ಹೋಗಿಲ್ಲ. ಲ್ಯಾಬು ಹೋಯಿತು. ಈಗ ಕೆಳಗೆ, ನಿನ್ನ ಹಳೆಯ ಜಾಗದಲ್ಲಿ, ತುಂಬುವ ಮೆಷಿನ್ನಿನ ಪಕ್ಕ ನಿಲ್ಲುತ್ತೇನೆ. ಇಡೀ ದಿನ ನಿಂತರೆ ಹಿಮ್ಮಡಿ ಇಷ್ಟು ನೋಯುತ್ತದೆಂದು ನೀನು ಮೂರು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಹುಣಸೆಬೀಜದ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಿದ್ದಾರೆ.

ಗಿರಿಯವರ ವಿಷಯ ಓದಿದೆ. ಎರಡು ಸಲ ನಿನಗೆ ಹೇಳಿದ ಮಾತನ್ನು ಮೂರನೆಯ ಸಲ ಹೇಳುವುದಿಲ್ಲ. ನಿಮ್ಮ ಚಿಕ್ಕಮ್ಮನ ಆಟೋ ನನ್ನ ತಲೆಯಿಂದ ಹೋಗುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಟ್ಯೂಬುಗಳು ಹೇಗೂ ಒಂದು ವರ್ಷ ಬರುತ್ತವೆ.

ಹಬ್ಬಕ್ಕೆ ಶಶಿಗೆ ಒಂದು ಫ್ರಾಕು ಕಳಿಸಿದ್ದೇನೆ. ಮಂಡಿ ಮುಚ್ಚುವಷ್ಟು ಉದ್ದದ್ದು ತೆಗೆದುಕೊಳ್ಳಲೋ, ಚಿಕ್ಕದೋ ಅಂತ ಅಂಗಡಿಯಲ್ಲಿ ಅರ್ಧ ಗಂಟೆ ನಿಂತೆ. ಚಿಕ್ಕದೇ ತೆಗೆದುಕೊಂಡೆ. ತಪ್ಪಾಗಿದ್ದರೆ ಬದಲಾಯಿಸಿಕೊಡುತ್ತಾರೆ.

ಸಹನಾ


ಬೇರಿಕೆ
6 ನವೆಂಬರ್ 2025

ಪ್ರೀತಿಯ ಸಹನಾ,

ಇದರ ಜೊತೆ ಹತ್ತು ಟ್ಯೂಬು ವಾಪಸು ಕಳಿಸುತ್ತಿದ್ದೇನೆ. ಹನ್ನೊಂದರಲ್ಲಿ ಒಂದನ್ನು ಮಾತ್ರ ಒಡೆದಿದ್ದೆ. ನಿಮ್ಮ ಸಾರಿಗೆ ಕೊಟ್ಟು ನೋಡು, ಮನಸ್ಸು ಕರಗಿದರೂ ಕರಗಬಹುದು. ಎಣ್ಣೆಗೋ ನೀರಿಗೋ ಯಾವುದಕ್ಕೆ ಅಂತ ನೀನೇ ಪರೀಕ್ಷೆ ಮಾಡು.

ನಿನಗೆ ಒಂದು ವಿಷಯ ಯಾವತ್ತೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ಬೆಳಿಗ್ಗೆ ಎಲ್ಲರ ತಲೆಗೂ ಮುಖಕ್ಕೂ ಅತ್ತೆಯೇ ಹರಳೆಣ್ಣೆ ಹಚ್ಚಬೇಕು. ಹಾಗಾಗಿ ಮೊದಲ ವರ್ಷ ಬಸುರಿಯ ವಾಂತಿಯ ನೆಪ ಹೇಳಿದೆ, ಆಮೇಲೆ ಐದು ವರ್ಷವೂ ಸರಿಯಾಗಿ ಆ ದಿನವೇ ಹೊರಗೆ ಕೂತೆ. ತಿಂಗಳು ಬೇರೆ ಬರಲಿ, ತಾರೀಖು ಬೇರೆ ಬರಲಿ, ನಾನು ಮಾತ್ರ ತಪ್ಪಲಿಲ್ಲ. "ನಮ್ ಸೊಸೆ ಇದ್ರೆ ಪಂಚಾಂಗ ಬ್ಯಾಡ" ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡಿದ್ದರು.

ಈ ವರ್ಷ ಎದ್ದು ಬಂದು ಮಣೆಯ ಮೇಲೆ ಕೂತೆ.

"ಏನಮ್ಮಿ, ಈ ವರ್ಸ ದೇವ್ರು ಕಣ್ ಬುಟ್ನಾ?" ಅಂದರು. ಗಿರಿಗೆ ಹಚ್ಚಿ ಆಗಿತ್ತು. ಟವಲು ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದರು. ಶಶಿ ಎಣ್ಣೆಯಲ್ಲಿ ಮಿಂಚುತ್ತಾ ಅಂಗಳದಲ್ಲಿ ಓಡುತ್ತಿದ್ದಳು. ಅತ್ತೆ ನೆತ್ತಿಗೆ ತಟ್ಟಿದರು, ಕಿವಿಗೆ ಹಚ್ಚಿದರು, ಎರಡೂ ಅಂಗೈಯಿಂದ ಕೆನ್ನೆ ತೀಡಿದರು. ಅವರ ಎಣ್ಣೆಯ ಕೈ ಬೆಚ್ಚಗಿತ್ತು. ಆರು ವರ್ಷದಲ್ಲಿ ಯಾರೂ ನನ್ನ ಕೆನ್ನೆ ಹಾಗೆ ಹಿಡಿದಿರಲಿಲ್ಲ, ಹಿಡಿಯಲು ನಾನು ಬಿಟ್ಟಿರಲಿಲ್ಲ. ಬಾಯಿ ತೆರೆಯಬೇಕೆಂದು ಕೂತವಳು ಒಂದು ಗಳಿಗೆ ಸುಮ್ಮನೆ ಕಣ್ಣು ಮುಚ್ಚಿಕೊಂಡುಬಿಟ್ಟೆ.

ಅತ್ತೆಯ ಕೈ ನಿಂತಿತು. ಬಲ್ಬಿನ ಕೆಳಗೆ ಅಂಗೈ ಹಿಡಿದು ನೋಡಿದರು. "ಇದೇನಮ್ಮಿ, ಮೊಕ ಕೈಗ್ ಬತ್ತೈತೆ?"

ಶಶಿ ಓಡಿಬಂದು ಇಣುಕಿದಳು. "ಅಜ್ಜಿ, ಅದು ನನ್ ಮಂಡಿ ಕ್ರೀಮು. ಯಾರ್ಗೂ ಹೇಳ್ಬಾರ್ದು."

ನಾನು ಹೇಳಿದೆ. ಹದಿನೇಳನೇ ವಯಸ್ಸಿಗೆ ಬಂತು, ಮದುವೆಗೆ ಮುಂಚೆಯೇ ಇತ್ತು, ಶಶಿಗೆ ಬಂದಿದ್ದರೆ ನನ್ನ ಕಡೆಯಿಂದ ಬಂದಿರಬೇಕು, ಹಾವಿನಿಂದಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಎಷ್ಟು ಚಿಕ್ಕ ಮಾತು ನೋಡು, ಅಂಗನವಾಡಿಯ ಪದ್ಯಕ್ಕಿಂತ ಚಿಕ್ಕದು.

ಗಿರಿ ಕೇಳಿದ್ದು ಒಂದೇ. "ಅಂಗಾದ್ರೆ ಆ ಹಾವು?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದೆ.

ಮೊಣಕಾಲಿಗೆ ತಲೆ ಕೊಟ್ಟು ಕೂತರು. ಭುಜ ಅಲ್ಲಾಡುತ್ತಿತ್ತು. ತಲೆಯ ಮೇಲಿದ್ದ ಒಂದು ಮೂಟೆ ಇಳಿಯಿತು, ಅದಕ್ಕೆ ಅಳುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋದೆ. ಎದ್ದು ನಿಂತರು. "ಒಂದ್ ತಿಂಗ್ಳು" ಅಂದರು. "ಒಂದ್ ತಿಂಗ್ಳು ನಾನ್ ಮಗೀನ್ ಮುಟ್ಟಿಲ್ಲ. ನೀನು ನೋಡ್ಕೊಂಡ್ ಕೂತಿದ್ದೆ."

ಆರು ವರ್ಷದ ಮಾತೇ ಬರಲಿಲ್ಲ, ಸಹನಾ. ಬಂದದ್ದು ಒಂದು ತಿಂಗಳ ಮಾತು. ಆರು ವರ್ಷಕ್ಕೆ ನನ್ನ ಹತ್ತಿರ ಉತ್ತರಗಳಿದ್ದವು, ಹಾಸ್ಯದ್ದೂ ಇದ್ದವು. ಅವರು ಎಣ್ಣೆ ಮೈಯಲ್ಲೇ ಅಂಗಿ ತೊಟ್ಟು ಟೆಂಪೋ ತೆಗೆದುಕೊಂಡು ಹೋದರು. ಮಾರನೆಯ ದಿನ ಮಧ್ಯಾಹ್ನ ಬಂದು ನೇರ ಮಗಳ ಹತ್ತಿರ ಹೋಗಿ ಬಗ್ಗಿದರು. ಅವಳು ಸ್ವಲ್ಪ ಹೊತ್ತು ಅನುಮಾನದಿಂದ ನೋಡಿ, ಆಮೇಲೆ ಬೆನ್ನು ಹತ್ತಿದಳು. ನೀನು ಕಳಿಸಿದ ಫ್ರಾಕು ಹಾಕಿದ್ದಳು. ಅವಳ ಎರಡು ಮಂಡಿಗಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಅವರು ಅಂಗಳದಲ್ಲಿ ಸುತ್ತುತ್ತಲೇ ಇದ್ದರು. ನಾನು ಅಡುಗೆಮನೆಯಿಂದ ನೋಡಿದೆ.

ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನಾನು ಮುಟ್ಟಿದ ಬಿಂದಿಗೆಯನ್ನು ಮತ್ತೆ ತೊಳೆಯುತ್ತಾರೆ, ನನಗೆ ಕೇಳಿಸುವ ಹಾಗೆ. ಮೂರನೆಯ ದಿನ ಗಿರಿಗೆ ಅಂದರು: "ಅವ್ರಪ್ಪನ್ ಕರ್ಸು. ಬಂದು ಕರ್ಕೊಂಡೋಗ್ಲಿ. ಮಗು ಇಲ್ಲೇ ಇರ್ಲಿ." ನನ್ನ ಕಿವಿಯಲ್ಲಿ ಅಂಚೆಟ್ಟಿಯ ಆಟೋ ಸದ್ದು ಬಂತು. ಗಿರಿ ಬೂಟಿನ ದಾರ ಬಿಚ್ಚುತ್ತಿದ್ದರು. "ಯಾರ್ನೂ ಕರ್ಸಬ್ಯಾಡ" ಅಂದರು. ಅಷ್ಟೇ. ಯಾಕೆ, ಎಲ್ಲಿಯವರೆಗೆ, ಏನೂ ಇಲ್ಲ.

ಅಂಗನವಾಡಿಗೆ ಏನೂ ಹಚ್ಚದೆ ಹಾಗೇ ಹೋಗುತ್ತಿದ್ದೇನೆ. ಮೊದಲ ದಿನ ಒಂದು ಮಗು "ಮಿಸ್, ಮೊಕದ್ ಮ್ಯಾಲೆ ಹಾಲ್ ಚೆಲ್ಲೈತೆ, ಒರಸ್ಕಳಿ" ಅಂತ ತನ್ನ ಅಂಗಿಯ ತುದಿ ಕೊಟ್ಟಿತು. ಇಪ್ಪತ್ತೆರಡು ಮಕ್ಕಳಲ್ಲಿ ಈಗ ಹದಿನೇಳು ಬರುತ್ತವೆ. ಮಂಗಮ್ಮ ಇನ್ನೂ ಇದು ಹಲ್ಲುನೋವಿನಿಂದಲೇ ಬಂದದ್ದು ಅಂತ ವಾದ ಮಾಡುತ್ತಾಳೆ, ಲವಂಗ ತರುತ್ತಲೇ ಇದ್ದಾಳೆ.

ಗಿರಿ ನನ್ನ ಜೊತೆ ಗ್ಯಾಸು, ಕರೆಂಟು ಬಿಲ್ಲು, ಮುಲಾಮು ಇಷ್ಟರ ಬಗ್ಗೆ ಮಾತಾಡುತ್ತಾರೆ. ಮಾತಾಡುವಾಗ ಗೋಡೆ ನೋಡುತ್ತಾರೆ. ಬಿಸಿಲಿಗೆ ಕೆನ್ನೆಯ ಬಿಳಿ ಜಾಗ ಉರಿಯುತ್ತದೆ. ಎಷ್ಟೋ ವರ್ಷದ ಮೇಲೆ ಗಾಳಿ ತಗುಲುತ್ತಿದೆ. ಯಾರಾದರೂ ಹೇಗಿದೆ ಅಂತ ಕೇಳಲಿ ಅನ್ನಿಸುತ್ತದೆ.

ನಿನ್ನೆ ಅವರಿಗೆ ಊಟಕ್ಕೆ ಬಡಿಸುತ್ತಿದ್ದೆ. ಬಲಗೆನ್ನೆ ಅವರ ಕಡೆ ಬರುವ ಹಾಗೆ ನಿಂತಿದ್ದೆ, ಅಭ್ಯಾಸ. ಅವರು ತಟ್ಟೆ ನೋಡುತ್ತಲೇ ಅಂದರು: "ಈ ಕಡೆಯಿಂದ ಬಾ."

ಸುತ್ತಿ ಆ ಕಡೆಗೆ ಬಂದೆ, ಎಡಗೆನ್ನೆ ಅವರ ಕಡೆ ಬಂತು. ಸಾರು ಬಡಿಸಿದೆ. ಸ್ವಲ್ಪ ಹೊತ್ತು ನಿಂತೆ. ಅವರು ತಲೆ ಎತ್ತಲಿಲ್ಲ.

ನಿನ್ನ,
ಭಾಗ್ಯ